ಕಂಪ್ಯೂಟರ್ ಎನ್‌ಕ್ರಿಪ್ಶನ್: ಬೀಗ ಆರಿಸುವ ಮೊದಲು ಕೀಲಿ ಎಲ್ಲಿರುತ್ತದೆ ನೋಡಿ

ಎನ್‌ಕ್ರಿಪ್ಶನ್‌ಗೆ, ಅಂದರೆ ಕೀಲಿ ಇಲ್ಲದವರು ಓದಲಾಗದಂತೆ ಫೈಲುಗಳನ್ನು ಮುಚ್ಚಿಡುವುದಕ್ಕೆ, ಯಾವ ತಂತ್ರಾಂಶ ಒಳ್ಳೆಯದು ಅಂತ ಕೇಳುವವರಿಗೆ ನಾನು ತಿರುಗಿ ಕೇಳುವ ಪ್ರಶ್ನೆ ಒಂದೇ: ನಾಳೆ ಪಾಸ್‌ವರ್ಡ್ ಮರೆತುಹೋದರೆ, ಅಥವಾ ಲ್ಯಾಪ್‌ಟಾಪ್ ಕೆಟ್ಟು ಡಿಸ್ಕ್ ಮಾತ್ರ ಉಳಿದರೆ, ಫೈಲುಗಳನ್ನು ಹೇಗೆ ವಾಪಸ್ ಪಡೆಯುತ್ತೀರಿ? ಇದಕ್ಕೆ ಉತ್ತರ ಹೊಳೆಯದಿದ್ದರೆ ಸದ್ಯಕ್ಕೆ ಏನನ್ನೂ ಇನ್‌ಸ್ಟಾಲ್ ಮಾಡಬೇಡಿ. ಕಳ್ಳರ ಕೈಗೆ ಡೇಟಾ ಕೊಟ್ಟವರಿಗಿಂತ, ತಾವೇ ಹಾಕಿದ ಬೀಗದ ಹೊರಗೆ ನಿಂತವರನ್ನು ನಾನು ಹೆಚ್ಚು ನೋಡಿದ್ದೇನೆ.

ಹೋಲಿಕೆಯ ಪಟ್ಟಿಗಳಲ್ಲಿ ಮೊದಲ ಸಾಲಿಗೇ ಅಲ್ಗಾರಿದಮ್, ಅಂದರೆ ಮುಚ್ಚಿಡುವ ಗಣಿತ ವಿಧಾನದ ಹೆಸರು ಇರುತ್ತದೆ. ಆ ಸಾಲನ್ನು ಬಿಟ್ಟು ಓದಿದರೂ ನಷ್ಟವಿಲ್ಲ. ಬಿಟ್‌ಲಾಕರ್, ಫೈಲ್‌ವಾಲ್ಟ್, ಲಕ್ಸ್, ವೆರಾಕ್ರಿಪ್ಟ್, ಕ್ರಿಪ್ಟೋಮೇಟರ್ ಹೀಗೆ ಮುಂದೆ ಹೇಳಲಿರುವ ತಂತ್ರಾಂಶಗಳೆಲ್ಲವೂ ಸಾಮಾನ್ಯವಾಗಿ ಬಳಸುವುದು ಎಇಎಸ್ ಎಂಬ ಅಲ್ಗಾರಿದಮನ್ನೇ. ಬೆಲ್ಜಿಯಂನ ಯೋನ್ ಡಾಮನ್ ಮತ್ತು ವಿನ್ಸೆಂಟ್ ರೇಮನ್ ರೂಪಿಸಿದ ಇದು 2001ರಲ್ಲಿ ಅಮೆರಿಕದ ಮಾನದಂಡವಾಯಿತು. ನಿಮ್ಮ ಫೈಲುಗಳ ಆಸೆಗೆ ಯಾರೂ ಅದನ್ನು ಮುರಿಯಲು ಕೂರುವುದಿಲ್ಲ. ಪಾಸ್‌ವರ್ಡ್ ಊಹಿಸುತ್ತಾರೆ, ತೆರೆದಿಟ್ಟ ಯಂತ್ರವನ್ನು ಎತ್ತಿಕೊಂಡು ಹೋಗುತ್ತಾರೆ. ಆದ್ದರಿಂದ ಹೋಲಿಸಬೇಕಾದದ್ದು ಕೀಲಿಯ ನಿರ್ವಹಣೆಯನ್ನು: ಅದು ಎಲ್ಲಿ ಕೂತಿರುತ್ತದೆ, ಎಷ್ಟು ನಕಲು ಮಾಡಬಹುದು, ಕಳೆದರೆ ಏನು ಗತಿ.

ನಿಮ್ಮ ಪಾಸ್‌ವರ್ಡ್ ಡಿಸ್ಕಿನ ಕೀಲಿ ಅಲ್ಲ

ಇದೊಂದು ವಿಷಯ ತಲೆಗೆ ಹೋದರೆ ಉಳಿದದ್ದೆಲ್ಲ ಸಲೀಸು. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವಾಗ ತಂತ್ರಾಂಶ ಮೊದಲು ತಾನೇ ಒಂದು ಯಾದೃಚ್ಛಿಕ, ಅಂದರೆ ಯಾರೂ ಊಹಿಸಲಾಗದ ಕೀಲಿಯನ್ನು ಹುಟ್ಟಿಸುತ್ತದೆ. ಅದು ಮಾಸ್ಟರ್ ಕೀ. ಡೇಟಾ ಎಲ್ಲ ಅದರಿಂದಲೇ ಎನ್‌ಕ್ರಿಪ್ಟ್ ಆಗುವುದು. ನೀವು ಕೊಡುವ ಪಾಸ್‌ವರ್ಡಿನ ಕೆಲಸ ಆ ಮಾಸ್ಟರ್ ಕೀಯನ್ನು ಇನ್ನೊಂದು ಪುಟ್ಟ ಪೆಟ್ಟಿಗೆಯಲ್ಲಿಟ್ಟು ಮುಚ್ಚುವುದು ಮಾತ್ರ. ಆ ಪೆಟ್ಟಿಗೆ ಡಿಸ್ಕಿನ ಆರಂಭದಲ್ಲಿ ಹೆಡರ್ ಎಂಬ ಸಣ್ಣ ಜಾಗದಲ್ಲೋ, ಬೇರೊಂದು ಫೈಲಿನಲ್ಲೋ ಇರುತ್ತದೆ.

ಒಂದು ಟೆರಾಬೈಟ್ ಡಿಸ್ಕಿನ ಪಾಸ್‌ವರ್ಡ್ ಎರಡೇ ಸೆಕೆಂಡಿನಲ್ಲಿ ಬದಲಾಗುವುದು ಇದರಿಂದಲೇ. ಡೇಟಾ ಇದ್ದ ಹಾಗೇ ಇರುತ್ತದೆ, ಪೆಟ್ಟಿಗೆಯ ಮುಚ್ಚಳವಷ್ಟೇ ಹೊಸದು. ಅದೇ ಮಾಸ್ಟರ್ ಕೀಯನ್ನು ಎರಡು ಮೂರು ಪೆಟ್ಟಿಗೆಗಳಲ್ಲಿಟ್ಟು ಬೇರೆ ಬೇರೆ ಪಾಸ್‌ವರ್ಡ್ ಕೊಡುವುದೂ ಸಾಧ್ಯ. ಆದರೆ ಹೆಡರ್ ಹಾಳಾದರೆ ಪಾಸ್‌ವರ್ಡ್ ಸರಿಯಾಗಿ ನೆನಪಿದ್ದರೂ ಪ್ರಯೋಜನವಿಲ್ಲ. ಇನ್ನೊಂದು ಅಪಾಯ ಬಹಳ ಜನರಿಗೆ ಹೊಳೆಯುವುದಿಲ್ಲ. ಹಳೆಯ ಪಾಸ್‌ವರ್ಡ್ ಸೋರಿಹೋಗಿದ್ದು, ಹಳೆಯ ಹೆಡರಿನ ನಕಲು ಯಾರ ಬಳಿಯಾದರೂ ಇದ್ದರೆ, ನೀವು ಪಾಸ್‌ವರ್ಡ್ ಬದಲಾಯಿಸಿದ್ದು ವ್ಯರ್ಥ. ಒಳಗಿನ ಮಾಸ್ಟರ್ ಕೀ ಬದಲಾಗಿಲ್ಲವಲ್ಲ. ಅಂಥ ಅನುಮಾನ ಬಂದಾಗ ಹೊಸ ಮಾಸ್ಟರ್ ಕೀಯಿಂದ ಡೇಟಾವನ್ನು ಮತ್ತೆ ಎನ್‌ಕ್ರಿಪ್ಟ್ ಮಾಡುವುದೇ ದಾರಿ.

ಲ್ಯಾಪ್‌ಟಾಪ್ ಕಳೆದುಹೋಗುವ ಭಯವಿದ್ದರೆ

ಇದಕ್ಕೆ ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಬೇಕು. ಹೊರಗಿನ ತಂತ್ರಾಂಶ ಹುಡುಕುವ ಅಗತ್ಯವಿಲ್ಲ, ಆಪರೇಟಿಂಗ್ ಸಿಸ್ಟಮ್ ಜೊತೆ ಬಂದದ್ದೇ ಸಾಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಅಪ್‌ಡೇಟ್ ಬಂದಾಗ ಜಗಳ ಬರುವುದಿಲ್ಲ, ವೇಗ ಕಡಿಮೆಯಾದದ್ದು ಗೊತ್ತಾಗುವುದೂ ಇಲ್ಲ.

ವಿಂಡೋಸ್‌ನಲ್ಲಿ ಅದು ಬಿಟ್‌ಲಾಕರ್. ವಿಸ್ತಾದ ಕಾಲದಿಂದ ಇದೆ. ಪೂರ್ಣ ರೂಪ ಸಿಗುವುದು ಪ್ರೊ ಮತ್ತು ಅದಕ್ಕಿಂತ ಮೇಲಿನ ಆವೃತ್ತಿಗಳಲ್ಲಿ; ಹೋಮ್ ಆವೃತ್ತಿಯಲ್ಲಿ, ಯಂತ್ರ ಒಪ್ಪಿದರೆ, 'ಡಿವೈಸ್ ಎನ್‌ಕ್ರಿಪ್ಶನ್' ಎಂಬ ಸರಳ ರೂಪ ಇರುತ್ತದೆ. ಕೀಲಿ ಕೂರುವುದು ಮದರ್‌ಬೋರ್ಡಿನ ಟಿಪಿಎಂ ಎಂಬ ಚಿಪ್ಪಿನ ಸುಪರ್ದಿಯಲ್ಲಿ. ಯಂತ್ರ ಎಂದಿನಂತೆಯೇ ಬೂಟ್ ಆಗುತ್ತಿದೆ ಅಂತ ಮನವರಿಕೆಯಾದರೆ ಚಿಪ್ ಕೀಲಿಯನ್ನು ಬಿಟ್ಟುಕೊಡುತ್ತದೆ. ಬಳಸುವವರಿಗೆ ಏನೂ ಗೊತ್ತಾಗುವುದಿಲ್ಲ. ಅಪಾಯ ಇರುವುದೂ ಅಲ್ಲೇ.

ನನ್ನ ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಒಮ್ಮೆ ಬದಲಾಯಿತು. ಮನೆಗೆ ತಂದು ಆನ್ ಮಾಡಿದರೆ ನೀಲಿ ಪರದೆ. 48 ಅಂಕಿಯ ರಿಕವರಿ ಕೀ ಕೊಡಿ ಅನ್ನುತ್ತಿದೆ. ಹೊಸ ಬೋರ್ಡು, ಹೊಸ ಚಿಪ್ಪು, ಅದಕ್ಕೆ ಹಳೆಯ ಡಿಸ್ಕಿನ ಪರಿಚಯವಿಲ್ಲ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ ಅನ್ನುವುದೇ ನನಗೆ ಆವತ್ತು ತಿಳಿದದ್ದು. ಯಂತ್ರ ಕೊಂಡ ದಿನ ತೆರೆದು ಮರೆತಿದ್ದ ಒಂದು ಆನ್‌ಲೈನ್ ಖಾತೆಯಲ್ಲಿ ಆ ಕೀ ಇತ್ತು, ಆ ಖಾತೆಯೊಳಗೆ ಹೋಗುವುದಕ್ಕೇ ಎರಡು ದಿನ ಹಿಡಿಯಿತು. ಆ ಎರಡು ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ. ತಪ್ಪು ನನ್ನದೇ, ಕೇಳದೇ ಬಂದ ಬೀಗವಾದರೂ ಅದರ ಕೀಲಿ ಎಲ್ಲಿದೆ ಅಂತ ವಿಚಾರಿಸಬೇಕಿತ್ತು.

ಆದ್ದರಿಂದ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಎನ್‌ಕ್ರಿಪ್ಶನ್ ಆನ್ ಆಗಿದೆಯೇ ನೋಡಿ. ಆಗಿದ್ದರೆ ರಿಕವರಿ ಕೀಯನ್ನು ಕಾಗದಕ್ಕೆ ಪ್ರಿಂಟ್ ಮಾಡಿ. ಆ ಕಾಗದದಲ್ಲಿ ಕೀ ಜೊತೆಗೆ ಒಂದು ಗುರುತಿನ ಸಂಖ್ಯೆಯೂ ಇರುತ್ತದೆ. ನೀಲಿ ಪರದೆ ತೋರಿಸುವುದು ಆ ಗುರುತನ್ನೇ, ಹಾಗಾಗಿ ಎರಡು ಮೂರು ಯಂತ್ರ ಇರುವವರು ಅದನ್ನು ಕತ್ತರಿಸಿ ಎಸೆಯಬೇಡಿ. 48 ಅಂಕಿಗಳು ಆರಾರರ ಎಂಟು ಗುಂಪಾಗಿರುತ್ತವೆ. ಪ್ರತಿ ಗುಂಪೂ 11ರಿಂದ ಭಾಗವಾಗುವ ಸಂಖ್ಯೆ. ಕೈತಪ್ಪಿ ಒಂದು ಅಂಕಿ ಬೇರೆ ಒತ್ತಿದರೆ ಆ ಗುಂಪಿನಲ್ಲೇ ಯಂತ್ರ ತಡೆಯುತ್ತದೆ, 48ನ್ನೂ ಮತ್ತೆ ಹೊಡೆಯಬೇಕಾಗಿಲ್ಲ. ನನ್ನ ನಡುಗುವ ಬೆರಳುಗಳಿಗೆ ಅದು ಆವತ್ತು ದೊಡ್ಡ ಉಪಕಾರ ಮಾಡಿತು.

ಚಿಪ್ಪನ್ನೊಂದೇ ನಂಬಿ ಕೂರಲು ಇಷ್ಟವಿಲ್ಲದವರು ಬೂಟ್ ಆಗುವ ಮೊದಲೇ ಪಿನ್ ಕೇಳುವ ವ್ಯವಸ್ಥೆ ಹಾಕಿಕೊಳ್ಳಬಹುದು. ಪ್ರೊ ಆವೃತ್ತಿಯಲ್ಲಿ ಗ್ರೂಪ್ ಪಾಲಿಸಿ ಎಂಬ ಸೆಟ್ಟಿಂಗ್‌ಗಳ ಪಟ್ಟಿಯೊಳಗೆ ಅದಕ್ಕೆ ಅನುಮತಿ ಕೊಡಬೇಕು. ಸೂಕ್ಷ್ಮ ಕೆಲಸ ಮಾಡುವವರಿಗೆ ನಾನು ಇದನ್ನು ಖಂಡಿತ ಹೇಳುತ್ತೇನೆ.

ಮ್ಯಾಕ್ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಟಿ2 ಚಿಪ್ ಇರುವ ಮತ್ತು ಆಪಲ್‌ನ ಸ್ವಂತ ಪ್ರೊಸೆಸರ್ ಇರುವ ಯಂತ್ರಗಳಲ್ಲಿ ಡಿಸ್ಕ್ ಹೇಗೂ ಎನ್‌ಕ್ರಿಪ್ಟ್ ಆಗಿಯೇ ಇರುತ್ತದೆ. ಮ್ಯಾಕ್ ಜೊತೆಗೇ ಬರುವ ಫೈಲ್‌ವಾಲ್ಟ್ ಆನ್ ಮಾಡಿದಾಗ ಆ ಕೀಲಿ ನಿಮ್ಮ ಪಾಸ್‌ವರ್ಡಿಗೆ ತಳುಕು ಹಾಕಿಕೊಳ್ಳುತ್ತದೆ, ಅಷ್ಟೇ. ಅದಕ್ಕೇ ಕ್ಷಣದಲ್ಲಿ ಮುಗಿಯುತ್ತದೆ. ರಿಕವರಿ ಕೀ 24 ಅಕ್ಷರ, ನಾಲ್ಕು ನಾಲ್ಕರ ಆರು ಗುಂಪು. ಬರೆದಿಟ್ಟುಕೊಳ್ಳಿ.

ಲಿನಕ್ಸ್‌ನ ಲಕ್ಸ್ ನನಗೆ ತುಂಬ ಮೆಚ್ಚುಗೆಯಾದ ವ್ಯವಸ್ಥೆ. ಉಬುಂಟು, ಫೆಡೋರಾ ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಆರಿಸುವ ಹಂತದಲ್ಲೇ ಎನ್‌ಕ್ರಿಪ್ಟ್ ಮಾಡಬೇಕೇ ಎಂಬ ಆಯ್ಕೆ ಬರುತ್ತದೆ. ಆಗಲೇ ಹೂಂ ಅನ್ನಿ. ಆಮೇಲೆ ಮಾಡುವುದು ತಲೆನೋವು. ಮೇಲೆ ಹೇಳಿದ ಪುಟ್ಟ ಪೆಟ್ಟಿಗೆಗಳು ಇಲ್ಲಿ ಕಣ್ಣಿಗೆ ಕಾಣುತ್ತವೆ. ಅವಕ್ಕೆ ಸ್ಲಾಟ್ ಅನ್ನುತ್ತಾರೆ. ಮೊದಲ ಆವೃತ್ತಿಯಲ್ಲಿ 8 ಇದ್ದವು, ಎರಡನೆಯದರಲ್ಲಿ 32ರವರೆಗೆ ಇರಬಹುದು. ಒಂದರಲ್ಲಿ ನಿಮ್ಮ ದಿನಬಳಕೆಯ ಪಾಸ್‌ಫ್ರೇಸ್ (ಹಲವು ಪದಗಳ ಪಾಸ್‌ವರ್ಡ್), ಇನ್ನೊಂದರಲ್ಲಿ ಕಾಗದದ ಮೇಲೆ ಬರೆದು ಭದ್ರವಾಗಿಟ್ಟ ಉದ್ದನೆಯದು. ಒಂದು ಸೋರಿದರೆ ಆ ಸ್ಲಾಟನ್ನಷ್ಟೇ ಅಳಿಸಬಹುದು. ಹೊಸ ಆವೃತ್ತಿ ಆರ್ಗಾನ್2 ಎಂಬ ವಿಧಾನದಿಂದ ಪ್ರತಿ ಊಹೆಗೂ ಬಹಳಷ್ಟು ಮೆಮೊರಿ ಖರ್ಚಾಗುವಂತೆ ಮಾಡುತ್ತದೆ, ಗ್ರಾಫಿಕ್ಸ್ ಕಾರ್ಡುಗಳ ಸಾಲು ಕಟ್ಟಿ ಪಾಸ್‌ವರ್ಡ್ ಹುಡುಕುವವರಿಗೆ ಅದು ದುಬಾರಿ.

ಹೆಡರ್ ಬ್ಯಾಕಪ್ ಮಾತ್ರ ನೀವೇ ತೆಗೆಯಬೇಕು. ಕ್ರಿಪ್ಟ್‌ಸೆಟಪ್ ಎಂಬ ಉಪಕರಣದಲ್ಲಿ ಅದಕ್ಕೆಂದೇ ಒಂದು ಆದೇಶ ಇದೆ. ಸಿಗುವ ಫೈಲು ಸುಮಾರು 16 ಎಂಬಿ. ಬೇರೊಂದು ಪೆನ್‌ಡ್ರೈವಿನಲ್ಲಿಡಿ. ಪಾರ್ಟಿಶನ್ ಸರಿಪಡಿಸುತ್ತೇನೆ ಅಂತ ಹೋಗಿ ಡಿಸ್ಕಿನ ಮೊದಲ ಕೆಲವು ಎಂಬಿಗಳ ಮೇಲೆ ಬೇರೇನೋ ಬರೆದುಬಿಟ್ಟವರನ್ನು ಉಳಿಸಬಲ್ಲದ್ದು ಆ ಫೈಲ್ ಒಂದೇ.

ಮೂರಕ್ಕೂ ಸೇರಿ ಒಂದು ಎಚ್ಚರಿಕೆ. ಡಿಸ್ಕ್ ಎನ್‌ಕ್ರಿಪ್ಶನ್ ಕಾಯುವುದು ಆಫ್ ಆಗಿರುವ ಯಂತ್ರವನ್ನು. ಲಾಗಿನ್ ಆಗಿ ಕೂತಿರುವಾಗ ನುಗ್ಗಿದ ವೈರಸ್ಸಿಗೆ ಎಲ್ಲ ಬಾಗಿಲೂ ತೆರೆದಿರುತ್ತದೆ. ಮುಚ್ಚಳ ಮುಚ್ಚಿ ಸ್ಲೀಪ್‌ನಲ್ಲಿಟ್ಟಾಗಲೂ ಸಾಮಾನ್ಯವಾಗಿ ಕೀಲಿ ಮೆಮೊರಿಯಲ್ಲೇ ಉಳಿದಿರುತ್ತದೆ. ವಿದ್ಯುತ್ ಕಡಿದ ಮೇಲೂ ರ‍್ಯಾಮ್ ಕೆಲವು ಸೆಕೆಂಡು ವಿಷಯ ಮರೆಯುವುದಿಲ್ಲ, ತಣ್ಣಗೆ ಮಾಡಿದರೆ ಇನ್ನೂ ಹೆಚ್ಚು ಹೊತ್ತು ಅಂತ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲೇ ಮಾಡಿ ತೋರಿಸಿದ್ದಾರೆ. ಪ್ರಯಾಣಕ್ಕೆ ಹೊರಡುವಾಗ ಯಂತ್ರವನ್ನು ಪೂರ್ತಿ ಶಟ್‌ಡೌನ್ ಮಾಡಿ.

ಕೆಲವು ಫೈಲುಗಳನ್ನಷ್ಟೇ ಮುಚ್ಚಿಡಬೇಕಿದ್ದರೆ

ಪೆನ್‌ಡ್ರೈವಿನಲ್ಲಿ ಒಯ್ಯುವ ಕಾಗದಪತ್ರ, ಕ್ಲೌಡಿನಲ್ಲಿರುವ ಫೋಲ್ಡರ್, ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರಿನಲ್ಲಿ ನಿಮ್ಮದೇ ಆದ ಒಂದಿಷ್ಟು ಜಾಗ. ಇಲ್ಲಿ ನಿಜವಾದ ಆಯ್ಕೆ ಇರುವುದು ವೆರಾಕ್ರಿಪ್ಟ್ ಮತ್ತು ಕ್ರಿಪ್ಟೋಮೇಟರ್ ನಡುವೆ.

ವೆರಾಕ್ರಿಪ್ಟ್‌ನ ಹಿಂದೆ ಟ್ರೂಕ್ರಿಪ್ಟ್‌ನ ಕಥೆ ಇದೆ. 2004ರಲ್ಲಿ ಶುರುವಾಗಿ, ಲಕ್ಷಾಂತರ ಜನ ನೆಚ್ಚಿಕೊಂಡಿದ್ದ ಆ ತಂತ್ರಾಂಶವನ್ನು ಅದರ ಅನಾಮಧೇಯ ಕರ್ತೃಗಳು 2014ರ ಮೇ ತಿಂಗಳಲ್ಲಿ ಇದ್ದಕ್ಕಿದ್ದಂತೆ ನಿಲ್ಲಿಸಿದರು. ಅದರ ಹಿಂದಿನ ವರ್ಷವೇ ಮುನೀರ್ ಇದ್ರಾಸಿ ಅದರ ಸೋರ್ಸ್ ಕೋಡಿನಿಂದ ವೆರಾಕ್ರಿಪ್ಟ್ ಶುರು ಮಾಡಿದ್ದರು. ಊಹಿಸುವವರಿಗೆ ನಿಧಾನವಾಗಲೆಂದು ಪಾಸ್‌ವರ್ಡನ್ನು ಟ್ರೂಕ್ರಿಪ್ಟ್ ಒಂದೆರಡು ಸಾವಿರ ಸಲ ಗಣಿತದಲ್ಲಿ ಅರೆಯುತ್ತಿದ್ದರೆ, ವೆರಾಕ್ರಿಪ್ಟ್ ಸಾಮಾನ್ಯ ವಾಲ್ಯೂಮಿಗೆ (ಎನ್‌ಕ್ರಿಪ್ಟ್ ಆದ ಜಾಗಕ್ಕೆ) 5 ಲಕ್ಷ ಸಲ ಅರೆಯುವಂತೆ ಇಟ್ಟಿತು. ತೆರೆಯುವಾಗ ಒಂದೆರಡು ಸೆಕೆಂಡು ಕಾಯಿಸುವುದು ಇದಕ್ಕೇ.

ಬಳಕೆ ಹೀಗೆ. ಅಧಿಕೃತ ತಾಣದಿಂದಲೇ ಇಳಿಸಿಕೊಂಡು ಇನ್‌ಸ್ಟಾಲ್ ಮಾಡಿ. ಹೊಸ ವಾಲ್ಯೂಮ್ ಅಂದಾಗ ಕಂಟೇನರ್, ಅಂದರೆ ಉಳಿದ ಫೈಲುಗಳನ್ನು ಒಳಗಿಟ್ಟುಕೊಳ್ಳುವ ಒಂದು ದೊಡ್ಡ ಫೈಲ್ ಆರಿಸಿ, ಗಾತ್ರ ಹೇಳಿ, ಪಾಸ್‌ವರ್ಡ್ ಕೊಡಿ. ನಂತರ ಬರುವ ಪರದೆಯಲ್ಲಿ ಮೌಸನ್ನು ಸುಮ್ಮನೆ ಅಡ್ಡಾದಿಡ್ಡಿ ಓಡಿಸಲು ಹೇಳುತ್ತದೆ. ಕೆಳಗಿನ ಪಟ್ಟಿ ಕೆಂಪಿನಿಂದ ಹಸಿರಿಗೆ ತಿರುಗುತ್ತಾ ಹೋಗುತ್ತದೆ. ಅಲಂಕಾರಕ್ಕೆ ಇಟ್ಟದ್ದಲ್ಲ ಅದು. ಮಾಸ್ಟರ್ ಕೀ ಹುಟ್ಟುವುದಕ್ಕೆ ಬೇಕಾದ ಯಾದೃಚ್ಛಿಕತೆಯನ್ನು ನಿಮ್ಮ ಕೈಯ ಓಡಾಟದಿಂದಲೂ ಸಂಗ್ರಹಿಸುತ್ತಿದೆ. ಪಟ್ಟಿ ತುಂಬುವವರೆಗೂ ಆಡಿಸಿ. ವಿಂಡೋಸ್, ಮ್ಯಾಕ್ ಎರಡರಲ್ಲೂ ತೆರೆಯಬೇಕಿದ್ದರೆ ಫೈಲ್ ವ್ಯವಸ್ಥೆ ಎಕ್ಸ್‌ಫ್ಯಾಟ್ ಇರಲಿ.

ಕೀಫೈಲ್ ಎಂಬ ಸೌಲಭ್ಯ ಹಲವರಿಗೆ ಆಕರ್ಷಕ: ಪಾಸ್‌ವರ್ಡ್ ಜೊತೆಗೆ ಯಾವುದೋ ಒಂದು ಫೋಟೋವನ್ನೋ ಹಾಡನ್ನೋ ಕೀಲಿಯಾಗಿ ಕೊಡಬಹುದು. ನನ್ನ ಸಲಹೆ, ಬೇಡ. ಆ ಫೈಲಿನ ಮೊದಲ 1 ಎಂಬಿಯಲ್ಲಿ ಒಂದೇ ಒಂದು ಬೈಟ್ ಬದಲಾದರೂ ಬಾಗಿಲು ತೆರೆಯುವುದಿಲ್ಲ. ಫೋಟೋವನ್ನು ತಿರುಗಿಸಿ ಸೇವ್ ಮಾಡಿದರೆ, ಹಾಡಿಗೆ ಕಲಾವಿದರ ಹೆಸರು ಸೇರಿಸಿದರೆ ಮುಗಿಯಿತು. ಬೇಕೇ ಬೇಕು ಅನ್ನುವವರು ವೆರಾಕ್ರಿಪ್ಟ್‌ನಲ್ಲೇ ಕೀಫೈಲ್ ಹುಟ್ಟಿಸಿ, ಅದರ ಎರಡು ನಕಲು ಮಾಡಿಡಿ. ಹೆಡರ್‌ನ ಒಂದು ಪ್ರತಿಯನ್ನು ವೆರಾಕ್ರಿಪ್ಟ್ ತಾನಾಗಿ ವಾಲ್ಯೂಮಿನ ಕೊನೆಯಲ್ಲಿ ಇಟ್ಟಿರುತ್ತದೆ. ಆದರೂ ಟೂಲ್ಸ್ ಮೆನುವಿನಿಂದ ಹೊರಗೊಂದು ಪ್ರತಿ ತೆಗೆದಿಡಿ.

ಕ್ಲೌಡಿಗೆ ವೆರಾಕ್ರಿಪ್ಟ್ ಒಗ್ಗುವುದಿಲ್ಲ. ಒಳಗೆ ಹೊಸ ಫೈಲ್ ಸೇರಿಸಿದರೂ ಕಂಟೇನರಿನ ದಿನಾಂಕ ಬದಲಾಗದಂತೆ ಅದು ಮೊದಲಿನಿಂದಲೂ ಸೆಟ್ ಆಗಿರುತ್ತದೆ. ಸಿಂಕ್ ಮಾಡುವ ತಂತ್ರಾಂಶ ದಿನಾಂಕ ನೋಡಿ, ಏನೂ ಬದಲಾಗಿಲ್ಲ ಅಂತ ಸುಮ್ಮನಿರಬಹುದು. ಬ್ಯಾಕಪ್ ಆಗುತ್ತಿದೆ ಅಂತ ನೀವು ನೆಮ್ಮದಿಯಿಂದ ಇರುತ್ತೀರಿ, ಅಲ್ಲಿ ತಿಂಗಳ ಹಿಂದಿನ ಪ್ರತಿ ಇರುತ್ತದೆ. ಪ್ರಿಫರೆನ್ಸಸ್‌ನಲ್ಲಿ ಆ ಆಯ್ಕೆಯನ್ನು ತೆಗೆಯಬಹುದು, ಆದರೂ ದೊಡ್ಡ ಕಂಟೇನರನ್ನು ಮತ್ತೆ ಮತ್ತೆ ಕಳಿಸುವ ಪಾಡು ತಪ್ಪುವುದಿಲ್ಲ.

ಕ್ಲೌಡಿಗೆ ಹೇಳಿ ಮಾಡಿಸಿದ್ದು ಕ್ರಿಪ್ಟೋಮೇಟರ್. ಒಂದೊಂದು ಫೈಲನ್ನೂ ಬೇರೆ ಬೇರೆಯಾಗಿ ಎನ್‌ಕ್ರಿಪ್ಟ್ ಮಾಡುತ್ತದೆ. ಬದಲಾದದ್ದಷ್ಟೇ ಮೇಲಕ್ಕೆ ಹೋಗುತ್ತದೆ. ಹೆಸರುಗಳೂ ಮುಚ್ಚಿರುತ್ತವೆ, ಆದರೆ ಎಷ್ಟು ಫೈಲುಗಳಿವೆ, ಯಾವುದು ಎಷ್ಟು ದೊಡ್ಡದು, ಯಾವಾಗ ಬದಲಾಯಿತು ಎಂಬುದು ಕ್ಲೌಡಿನವರಿಗೆ ಕಾಣುತ್ತದೆ. ವಾಲ್ಟ್, ಅಂದರೆ ಮುಚ್ಚಿದ ಫೋಲ್ಡರ್ ಸೃಷ್ಟಿಸುವಾಗ ರಿಕವರಿ ಕೀ ಬೇಕೇ ಅಂತ ಕೇಳುತ್ತದೆ. ಬೇಕು ಅನ್ನಿ. 44 ಇಂಗ್ಲಿಷ್ ಪದಗಳ ಸಾಲು ಸಿಗುತ್ತದೆ. ಅದನ್ನು ಪ್ರಿಂಟ್ ತೆಗೆದುಕೊಂಡವರು ಪಾಸ್‌ವರ್ಡ್ ಮರೆತರೂ ಹೊಸದನ್ನು ಇಟ್ಟುಕೊಳ್ಳಬಹುದು. ವೆರಾಕ್ರಿಪ್ಟ್‌ನಲ್ಲಿ ಇಂಥ ಎರಡನೇ ಬಾಗಿಲು ತಾನಾಗಿ ಬರುವುದಿಲ್ಲ. ಹೊಸಬರಿಗೆ ನಾನು ಕ್ರಿಪ್ಟೋಮೇಟರನ್ನೇ ಮೊದಲು ಹೇಳುವುದಕ್ಕೆ ಕಾರಣ ಇದು.

ಬೇರೆಯವರಿಗೆ ಕಳಿಸುವುದಿದ್ದರೆ

ಇಲ್ಲಿಯವರೆಗೆ ಬೀಗ ಹಾಕುವವರೂ ತೆಗೆಯುವವರೂ ನೀವೇ ಆಗಿದ್ದಿರಿ. ಇನ್ನೊಬ್ಬರಿಗೆ ಕಳಿಸುವಾಗ ಪಾಸ್‌ವರ್ಡನ್ನು ಹೇಗೆ ಮುಟ್ಟಿಸುವುದು ಎಂಬುದೇ ತೊಡಕು. ಫಿಲ್ ಝಿಮ್ಮರ್‌ಮನ್ 1991ರಲ್ಲಿ ಪಿಜಿಪಿ ಬರೆದು ಜನಸಾಮಾನ್ಯರ ಕೈಗೆ ಕೊಟ್ಟ ಪರಿಹಾರ ಜೋಡಿ ಕೀಲಿ: ಸಾರ್ವಜನಿಕ ಕೀಲಿಯನ್ನು ಎಲ್ಲರಿಗೂ ಹಂಚಬಹುದು, ಅದರಿಂದ ಮುಚ್ಚಿದ್ದನ್ನು ನಿಮ್ಮಲ್ಲೇ ಉಳಿಯುವ ಖಾಸಗಿ ಕೀಲಿ ಮಾತ್ರ ತೆರೆಯುತ್ತದೆ. ಅದರ ಮುಕ್ತ ರೂಪ ವೆರ್ನರ್ ಕೋಖ್ ಬರೆದ ಗ್ನುಪಿಜಿ, 1.0 ಆವೃತ್ತಿ ಬಂದದ್ದು 1999ರಲ್ಲಿ.

ವಿಂಡೋಸ್‌ನಲ್ಲಿ ಗ್ನುಪಿಜಿಯ ವಿಂಡೋಸ್ ರೂಪವಾದ ಜಿಪಿಜಿ4ವಿನ್ ಇನ್‌ಸ್ಟಾಲ್ ಮಾಡಿದರೆ ಕ್ಲಿಯೋಪಾತ್ರ ಎಂಬ ಕೀಲಿ ನಿರ್ವಾಹಕ ಜೊತೆಗೇ ಬರುತ್ತದೆ. ಹೆಸರು, ಇಮೇಲ್ ಕೊಟ್ಟು ಹೊಸ ಜೋಡಿ ಹುಟ್ಟಿಸುವುದು ಒಂದು ನಿಮಿಷದ ಕೆಲಸ. ಅವಧಿ ಎರಡು ವರ್ಷ ಇರಲಿ, ಮುಗಿಯುವ ಮೊದಲು ವಿಸ್ತರಿಸಬಹುದು. ಖಾಸಗಿ ಕೀಲಿಯನ್ನು ಎಕ್ಸ್‌ಪೋರ್ಟ್ ಮಾಡಿ ಬೇರೆಡೆ ಇಡುವುದನ್ನು ಅದೇ ದಿನ ಮುಗಿಸಿ.

ನಾನು ಹಾಗೆ ಮಾಡಿರಲಿಲ್ಲ. ನನ್ನ ಮೊದಲ ಕೀಲಿಗೆ ಅವಧಿಯೇ ಇಟ್ಟಿರಲಿಲ್ಲ, ಡಿಸ್ಕ್ ಕೆಟ್ಟಾಗ ಖಾಸಗಿ ಕೀಲಿ ಅದರೊಂದಿಗೇ ಹೋಯಿತು. ಸಾರ್ವಜನಿಕ ಕೀಲಿ, ಇಂಥ ಕೀಲಿಗಳನ್ನು ಹಂಚುವ ಸರ್ವರಿನಲ್ಲಿ ಹಾಗೇ ಉಳಿಯಿತು. ವರ್ಷಗಳ ಮೇಲೆ ಒಬ್ಬರು ಅದನ್ನು ಹುಡುಕಿ ತೆಗೆದು ಒಂದು ಮುಖ್ಯ ಪತ್ರ ಕಳಿಸಿದರು, ನನ್ನಿಂದ ತೆರೆಯಲಾಗಲಿಲ್ಲ. ಇದು ನನ್ನ ಕೀಲಿಯಲ್ಲ, ಬಳಸಬೇಡಿ ಅಂತ ಸಾರಲು ರದ್ದತಿ ಪತ್ರ ಬೇಕು. ಅದೂ ಇರಲಿಲ್ಲ. ಗ್ನುಪಿಜಿ 2.1ರಿಂದ ಈಚೆಗೆ ಕೀಲಿ ಹುಟ್ಟಿದೊಡನೆ ರದ್ದತಿ ಪತ್ರವೂ ತಾನಾಗಿ ತಯಾರಾಗುತ್ತದೆ. ಅದನ್ನೂ ಕಾಗದಕ್ಕೆ ಇಳಿಸಿ.

ಇನ್ನು ಎದುರಿನವರ ಕೀಲಿ. ಸರ್ವರಿನಲ್ಲಿ ಸಿಕ್ಕಿದ್ದು ನಿಜವಾಗಿ ಅವರದೇ ಅಂತ ಹೇಗೆ ನಂಬುವುದು? ಪ್ರತಿ ಕೀಲಿಗೂ ಬೆರಳಚ್ಚು, ಅಂದರೆ ಆ ಕೀಲಿಯಿಂದಲೇ ಲೆಕ್ಕ ಹಾಕಿದ ಗುರುತು ಇರುತ್ತದೆ. ಈಗಲೂ ಹೆಚ್ಚು ಬಳಕೆಯಲ್ಲಿರುವ ಬಗೆಯಲ್ಲಿ ಅದು 40 ಅಕ್ಷರ, ನಾಲ್ಕು ನಾಲ್ಕರ ಹತ್ತು ಗುಂಪು. ಫೋನ್ ಮಾಡಿ ಓದಿಸಿಕೊಳ್ಳಿ. ಬಿ, ಡಿ, ಇ ಫೋನಿನಲ್ಲಿ ಒಂದೇ ಥರ ಕೇಳಿಸುತ್ತವೆ. 'ಬಿ ಅಂದರೆ ಬಾಲ್, ಡಿ ಅಂದರೆ ಡಾಗ್' ಅಂತ ಹೇಳಿಸಿಕೊಂಡು ಒಂದೊಂದೇ ಗುಂಪಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಹೋಗಿ. ಕೊನೆಯ ಎಂಟು ಅಕ್ಷರ ಸರಿಹೊಂದಿದರೆ ಸಾಕು ಅನ್ನಬೇಡಿ, ಅಷ್ಟು ಮಾತ್ರ ಹೊಂದುವ ನಕಲಿ ಕೀಲಿಯನ್ನು ಸುಲಭವಾಗಿ ತಯಾರಿಸಬಹುದು. ಹತ್ತೂ ಗುಂಪು ಹೊಂದಿದ ಮೇಲೆ ಆ ಕೀಲಿಯನ್ನು ಕ್ಲಿಯೋಪಾತ್ರದಲ್ಲಿ ಪ್ರಮಾಣೀಕರಿಸಿ.

ಇಮೇಲಿಗೆ ಮಾತ್ರ ಬೇಕಿದ್ದರೆ ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶ ಸಾಕು. 2020ರ 78ನೇ ಆವೃತ್ತಿಯಿಂದ ಅದರೊಳಗೇ ಈ ವ್ಯವಸ್ಥೆ ಇದೆ. ಆದರೆ ಅದರ ಕೀಲಿಗೊಂಚಲು ಬೇರೆ, ಗ್ನುಪಿಜಿಯದು ಬೇರೆ. ಒಂದರಲ್ಲಿ ಹಾಕಿದ್ದು ಇನ್ನೊಂದರಲ್ಲಿ ಕಾಣುವುದಿಲ್ಲ. ಕೀಲಿ ಮಾಯವಾಯಿತು ಅಂತ ಗಾಬರಿಯಾಗಬೇಡಿ, ಇಂಪೋರ್ಟ್ ಮಾಡಿದರಾಯಿತು. ಟರ್ಮಿನಲ್ ಒಗ್ಗಿದವರಿಗೆ, ಬರೀ ಫೈಲುಗಳಿಗಾದರೆ, ಫಿಲಿಪ್ಪೊ ವಾಲ್ಸೋರ್ದಾ ರೂಪಿಸಿದ ಏಜ್ ಬಹಳ ಚೊಕ್ಕ. ಬೆರಳಚ್ಚು, ಅವಧಿ, ಸರ್ವರು ಯಾವ ಗೋಜಲೂ ಇಲ್ಲ. ಸಾರ್ವಜನಿಕ ಕೀಲಿ ಒಂದೇ ಸಾಲಿನದು. ಕಳಿಸಿದ್ದು ನೀವೇ ಅಂತ ಸಾಬೀತು ಮಾಡುವ ಸಹಿ ಹಾಕುವುದು ಅದಕ್ಕೆ ಬರುವುದಿಲ್ಲ.

ಪಾಸ್‌ಫ್ರೇಸ್, ಕಾಗದ ಮತ್ತು ಒಂದು ತಾಲೀಮು

ಯಾವುದನ್ನೇ ಆರಿಸಿದರೂ ಒಂದು ಒಳ್ಳೆಯ ಪಾಸ್‌ಫ್ರೇಸ್ ಬೇಕೇ ಬೇಕು. ಆರ್ನಾಲ್ಡ್ ರೈನ್‌ಹೋಲ್ಡ್ 1995ರಲ್ಲಿ ಮುಂದಿಟ್ಟ ಡೈಸ್‌ವೇರ್ ವಿಧಾನಕ್ಕಿಂತ ಸುಲಭದ್ದು ನನಗೆ ಸಿಕ್ಕಿಲ್ಲ. ದಾಳವನ್ನು ಐದು ಸಲ ಎಸೆದರೆ ಒಂದು ಸಂಖ್ಯೆ, 7,776 ಪದಗಳ ಪಟ್ಟಿಯಲ್ಲಿ ಅದಕ್ಕೊಂದು ಪದ. ಹೀಗೆ ಆರು ಪದ. ನಮ್ಮ ಪದಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರಾಗದೇ ಅಂತ ಕೇಳುತ್ತಾರೆ. ಆಗುತ್ತದೆ, ಆದರೆ 'ಬೇಸಿಗೆ'ಗೆ ಒಂದು ಇ ಹಾಕಿದ್ದೆನೋ ಎರಡೋ ಅಂತ ಮೂರು ವರ್ಷದ ಮೇಲೆ ನೆನಪಿರುವುದಿಲ್ಲ. ಕಾಗುಣಿತ ಸಮೇತ ಬರೆದಿಡಿ. ಬೂಟ್ ಸಮಯದಲ್ಲಿ ಕೊಡುವ ಪಾಸ್‌ಫ್ರೇಸಿಗೆ ವಿಶೇಷ ಚಿಹ್ನೆ ಬೇಡ. ಆ ಹಂತದಲ್ಲಿ ಕೀಬೋರ್ಡ್ ಅಮೆರಿಕದ ವಿನ್ಯಾಸದಲ್ಲಿದ್ದು, ಚಿಹ್ನೆಗಳು ಅದಲುಬದಲಾಗಿರಬಹುದು.

ರಿಕವರಿ ಕೀಗಳನ್ನು ಕೀಪಾಸ್‌ಎಕ್ಸ್‌ಸಿ ಥರದ ಪಾಸ್‌ವರ್ಡ್ ಪೆಟ್ಟಿಗೆಯಲ್ಲಿಡುವುದು ಸರಿ. ಆದರೆ ಆ ಪೆಟ್ಟಿಗೆ ಇರುವುದು ಅದೇ ಎನ್‌ಕ್ರಿಪ್ಟ್ ಆದ ಲ್ಯಾಪ್‌ಟಾಪಿನಲ್ಲಿ ಮಾತ್ರ ಅಂತಾದರೆ ಕೀಲಿಯನ್ನು ಮನೆಯೊಳಗಿಟ್ಟು ಬಾಗಿಲೆಳೆದುಕೊಂಡ ಹಾಗೆ. ಒಂದು ಪ್ರತಿ ಕಾಗದದಲ್ಲಿ, ಬೇರೊಂದು ಸ್ಥಳದಲ್ಲಿರಲಿ. ನಿಮ್ಮ ನಂತರ ಆ ಫೈಲುಗಳು ಯಾರಿಗೆ ಬೇಕಾಗುತ್ತವೋ ಅವರಿಗೆ ಆ ಸ್ಥಳ ಗೊತ್ತಿರಲಿ.

ಕೊನೆಯ ಕೆಲಸ ತಾಲೀಮು. ಕಂಟೇನರನ್ನೋ ವಾಲ್ಟನ್ನೋ ಇನ್ನೊಂದು ಕಂಪ್ಯೂಟರಿಗೆ ಒಯ್ದು, ಬರೀ ಕಾಗದ ನೋಡಿಕೊಂಡು ತೆರೆಯಿರಿ. ಬಿಟ್‌ಲಾಕರ್ ಆದರೆ ಪರದೆಯ ಮೇಲಿನ ಗುರುತಿನ ಸಂಖ್ಯೆಯೂ ಪ್ರಿಂಟಿನ ಮೇಲಿನದೂ ಒಂದೇ ಹೌದೇ ನೋಡಿ. ಕಂಟೇನರೋ ವಾಲ್ಟೋ ತೆರೆದುಕೊಂಡ ಮೇಲಷ್ಟೇ ಮೂಲ ಫೈಲುಗಳನ್ನು ಅಳಿಸಿ. ಎಸ್‌ಎಸ್‌ಡಿಯಲ್ಲಿ ಅಳಿಸಿದ್ದು ಪೂರ್ತಿ ಹೋಯಿತು ಅಂತ ನಂಬುವ ಹಾಗಿಲ್ಲ, ಹಳೆಯ ತುಣುಕುಗಳು ಎಲ್ಲೋ ಉಳಿದಿರಬಹುದು. ಅದಕ್ಕೇ ಬಿಟ್‌ಲಾಕರ್ ಆನ್ ಮಾಡುವಾಗ ಬಳಸಿದ ಜಾಗವನ್ನಷ್ಟೇ ಸಾಕೋ, ಇಡೀ ಡ್ರೈವ್ ಬೇಕೋ ಅಂತ ಕೇಳಿದರೆ, ಹಳೆಯ ಡಿಸ್ಕಿಗೆ ಇಡೀ ಡ್ರೈವ್ ಅನ್ನಿ. ಹೊಸ ಡಿಸ್ಕ್ ಕೊಂಡಿದ್ದರೆ ಒಂದು ಫೈಲನ್ನೂ ಹಾಕುವ ಮೊದಲೇ, ಖಾಲಿ ಇರುವಾಗಲೇ ಎನ್‌ಕ್ರಿಪ್ಟ್ ಮಾಡಿಬಿಡಿ.